ಇಂಗ್ಲಿಷ್ ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ? ಕಿತ್ತೂರಿನ ಥ್ಯಾಕರೆಯಿಂದಲೇ ಶುರುಮಾಡೋಣ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಗುಂಡೇಟು ತಿಂದು ಬಿದ್ದ ಧಾರವಾಡದ ಕಲೆಕ್ಟರ್ ಥ್ಯಾಕರೆ ನಮಗೆಲ್ಲ ಗೊತ್ತು. ಶಾಲೆಯ ಪಾಠದಲ್ಲಿ, ಲಾವಣಿಯಲ್ಲಿ, ನಾಟಕದಲ್ಲಿ ಅವನು ಬಂದೇ ಬರುತ್ತಾನೆ. ಆದರೆ ಆ ಹೆಸರು ಎಲ್ಲಿಯದು, ಅದನ್ನು ಹೊತ್ತ ಜನ ಇಂಗ್ಲೆಂಡಿನ ಯಾವ ಮೂಲೆಯವರು, ಈಗ ಎಲ್ಲೆಲ್ಲಿ ಹರಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ. ಅದೂ ಮನೆಯಲ್ಲೇ ಕೂತು, ಬಹುಪಾಲು ಪುಕ್ಕಟೆಯಾಗಿ.

ಈ ಕ್ರಮ ಥ್ಯಾಕರೆಗೆ ಮಾತ್ರ ಅಲ್ಲ. ಊರಿನ ಇತಿಹಾಸ ಬರೆಯುವವರು, ಹಳೆ ಸ್ಮಶಾನಗಳ ಕಲ್ಲು ಓದುವವರು, ತಮ್ಮ ಅಜ್ಜನ ಕಡೆಯ ಹೆಸರಿನ ಬೇರು ಹುಡುಕುವ ಆಂಗ್ಲೋ ಇಂಡಿಯನ್ ಕುಟುಂಬದವರು, ಎಲ್ಲರಿಗೂ ಇದೇ ದಾರಿ. ಶುರುಮಾಡುವ ಮೊದಲು ಒಂದು ಮಾತು. ಹೆಸರಿನ ಅರ್ಥ ಏನು ಅಂತ ಮೊದಲೇ ಗೂಗಲ್ ಮಾಡಬೇಡಿ. ಮೊದಲು ಹೆಸರಿನ ಊರು ಹುಡುಕಿ. ಊರು ಸಿಕ್ಕರೆ ಅರ್ಥ ತಾನಾಗಿಯೇ ಸಿಗುತ್ತದೆ. ಅರ್ಥದಿಂದ ಊರಿಗೆ ಹೋದರೆ ಹತ್ತರಲ್ಲಿ ಎಂಟು ಸಲ ದಾರಿ ತಪ್ಪುತ್ತದೆ.

ಹಂತ 1: ಅದು ನಿಜವಾಗಿಯೂ ಇಂಗ್ಲಿಷ್ ಹೆಸರೇ ಅಂತ ನೋಡಿ

ನಮಗೆ ಬಿಳಿಯರೆಲ್ಲ 'ಇಂಗ್ಲಿಷರು'. ದಾಖಲೆಗಳಿಗೆ ಹಾಗಲ್ಲ. ಬೆಂಗಳೂರನ್ನೇ ನೋಡಿ. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವನು, ಹೆಸರೂ ಅಲ್ಲಿಯದೇ. ಫ್ರೇಜರ್ ಟೌನಿನ ಫ್ರೇಜರ್ ಸ್ಕಾಟ್ಲೆಂಡಿನ ಹೆಸರು. ಮರ್ಫಿ ಟೌನಿನ ಮರ್ಫಿ ಐರ್ಲೆಂಡಿನಲ್ಲಿ ಬೀದಿಗೊಂದು ಸಿಗುವ ಹೆಸರು. ಶಾಸನಗಳ ರೈಸ್ ಸಾಹೇಬರ ಹೆಸರನ್ನು ನೋಡಿ ಅಕ್ಕಿ ಅಂದುಕೊಳ್ಳಬೇಡಿ, ಅದರ ಹಿಂದಿರುವುದು ವೇಲ್ಸಿನ 'ರೀಸ್'. ಸ್ಯಾಂಕಿ ಕೆರೆಯದು ಇನ್ನೊಂದು ಥರ. 1882ರಲ್ಲಿ ಆ ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ಆದರೆ ಅವನ ಹೆಸರು ಇಂಗ್ಲೆಂಡಿನ ವಾರಿಂಗ್ಟನ್ ಪಕ್ಕದ ಸ್ಯಾಂಕಿ ಎಂಬ ಊರಿನದು. ಮನುಷ್ಯ ಹುಟ್ಟಿದ ಊರು, ಹೆಸರು ಹುಟ್ಟಿದ ಊರು ಒಂದೇ ಆಗಿರಬೇಕಿಲ್ಲ.

ಇಂಗ್ಲಿಷ್ ಹೆಸರೇ ಅಂತಾದರೆ ಅದು ಸಾಮಾನ್ಯವಾಗಿ ನಾಲ್ಕು ಬಗೆಗಳಲ್ಲಿ ಒಂದಾಗಿರುತ್ತದೆ. ಕಸುಬಿನ ಹೆಸರು: ಸ್ಮಿತ್, ಟೇಲರ್, ಕೂಪರ್. ಅಪ್ಪನ ಹೆಸರು: ಜಾನ್ಸನ್, ವಿಲ್ಸನ್. ಮೈಬಣ್ಣ, ಗುಣ, ಚೇಷ್ಟೆಯಿಂದ ಬಂದದ್ದು: ಬ್ರೌನ್, ಫಾಕ್ಸ್. ಕೊನೆಯದು ಊರು ಅಥವಾ ಜಾಗದ ಹೆಸರು: ಸ್ಯಾಂಕಿ, ಅಟೆನ್‌ಬರೋ, ಥ್ಯಾಕರೆ. ಕಂಬಾರ, ಬಡಿಗೇರ, ಕಿತ್ತೂರ ಅಂತ ಹೆಸರಿನ ಮುಂದೆ ಬರೆದುಕೊಳ್ಳುವ ಧಾರವಾಡ ಸೀಮೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅಲ್ವಾ?

ಈ ಬಗೆ ಯಾಕೆ ಮುಖ್ಯ ಅಂದರೆ, ಕಸುಬಿನ ಹೆಸರು ನೂರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿರುತ್ತದೆ. ಊರಿಗೊಬ್ಬ ಕಮ್ಮಾರ ಇದ್ದೇ ಇದ್ದ. ಹಾಗಾಗಿ ಎಲ್ಲ ಸ್ಮಿತ್‌ಗಳಿಗೂ ಒಂದು ಮೂಲಪುರುಷ ಹುಡುಕುವುದು ದಂಡದ ಕೆಲಸ. ಸಣ್ಣ ಹಳ್ಳಿಯ ಹೆಸರು ಹಾಗಲ್ಲ. ಅದು ಒಂದೇ ಮನೆಯಿಂದ ಹರಡಿರುವ ಸಾಧ್ಯತೆ ಜಾಸ್ತಿ. ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ತುರಿ ಕಿಂಗ್, ಮಾರ್ಕ್ ಜಾಬ್ಲಿಂಗ್ ಇಬ್ಬರೂ ಗಂಡಸರ ವೈ ಕ್ರೋಮೋಸೋಮ್, ಅಂದರೆ ಅಡ್ಡಹೆಸರಿನ ಹಾಗೆ ಅಪ್ಪನಿಂದ ಮಗನಿಗೆ ಇಳಿಯುವ ವಂಶವಾಹಿ, ಹೋಲಿಸಿ ಕಂಡದ್ದೂ ಇದನ್ನೇ. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನ ಒಂದೇ ಮೂಲದವರು, ಸ್ಮಿತ್‌ಗಳಲ್ಲಿ ಅಂಥ ನಂಟು ಕಾಣಲಿಲ್ಲ.

ಹಂತ 2: ಸ್ಪೆಲ್ಲಿಂಗ್ ನಂಬಬೇಡಿ

ಹದಿನೆಂಟನೇ ಶತಮಾನದವರೆಗೆ ಇಂಗ್ಲಿಷ್ ಹೆಸರಿಗೆ ಸರಿಯಾದ ಸ್ಪೆಲ್ಲಿಂಗ್ ಅಂತ ಒಂದು ಇರಲೇ ಇಲ್ಲ. ಪಾದ್ರಿ ಕಿವಿಗೆ ಕೇಳಿದ್ದನ್ನು ಬರೆಯುತ್ತಿದ್ದ. ಹೆಸರಿನ ಒಡೆಯನಿಗೆ ಓದಲು ಬರುತ್ತಿರಲಿಲ್ಲ, ತಿದ್ದುವವರು ಯಾರು? ಹೀಗಾಗಿ ಒಂದೇ ಹೆಸರು ಥ್ಯಾಕರೆ (Thackeray), ಥ್ಯಾಕ್ರೇ (Thackray), ಥ್ಯಾಕ್ರಾ (Thackrah), ಥ್ಯಾಕ್ವ್ರೇ (Thackwray) ಅಂತ ನಾನಾ ವೇಷದಲ್ಲಿ ಸಿಗುತ್ತದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಈಗಲೂ ಹೆಚ್ಚಾಗಿ ಬಳಕೆಯಲ್ಲಿರುವುದು ಥ್ಯಾಕ್ರೇ. ನಮಗೆ ಪರಿಚಯವಿರುವ ಥ್ಯಾಕರೆ ರೂಪ ಒಂದು ಕವಲಿನದು ಮಾತ್ರ.

ಹುಡುಕುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಸೌಂಡೆಕ್ಸ್ ಬಳಸಿ. ಇದು 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಸುಲಭ ಉಪಾಯ. ಹೆಸರಿನ ಮೊದಲ ಅಕ್ಷರ ಹಾಗೇ ಇರುತ್ತದೆ. ಆಮೇಲೆ ಸ್ವರಗಳನ್ನೂ ಎಚ್, ಡಬ್ಲ್ಯೂ, ವೈಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಸಿ ಮತ್ತು ಕೆ ಎರಡಕ್ಕೂ 2. ಅವು ಅಕ್ಕಪಕ್ಕ ಬಂದರೆ ಒಂದೇ ಸಲ ಲೆಕ್ಕ. ಆರ್ ಅಕ್ಷರಕ್ಕೆ 6. ಮೂರು ಅಂಕಿ ಆಗದಿದ್ದರೆ ಸೊನ್ನೆ ತುಂಬಿಸುತ್ತಾರೆ. ಮೇಲಿನ ನಾಲ್ಕೂ ರೂಪಗಳಿಗೆ ಬರುವುದು ಒಂದೇ ಸಂಕೇತ: ಟಿ260. ಹೆಚ್ಚಿನ ವಂಶಾವಳಿ ವೆಬ್‌ಸೈಟುಗಳಲ್ಲಿ ಹೀಗೆ ಉಚ್ಚಾರದ ಮೇಲೆ ಹುಡುಕುವ ಅನುಕೂಲ ಇರುತ್ತದೆ, ಅದನ್ನು ಆನ್ ಮಾಡಿಕೊಳ್ಳಿ.

ಆದರೆ ಬಂದದ್ದನ್ನೆಲ್ಲ ಬಾಚಿಕೊಳ್ಳಬೇಡಿ. ಠಾಕೂರ್, ಠಾಗೋರ್, ಟಕರ್ ಎಲ್ಲಕ್ಕೂ ಸೌಂಡೆಕ್ಸ್ ಕೊಡುವುದು ಟಿ260 ಅನ್ನೇ. ರವೀಂದ್ರನಾಥ ಠಾಗೋರರು ಯಾರ್ಕ್‌ಷೈರಿನವರಲ್ಲ.

ಹಂತ 3: ಗೊತ್ತಿರುವ ಮನುಷ್ಯನಿಂದ ಹಿಂದಕ್ಕೆ ಹೋಗಿ

ಇದೇ ಇಡೀ ಕೆಲಸದ ಬೆನ್ನೆಲುಬು. ಎಲ್ಲೋ ಹದಿನಾಲ್ಕನೇ ಶತಮಾನದಲ್ಲಿ ಹೆಸರಿಗೆ ಹೊಂದುವ ಒಬ್ಬ ಸಿಕ್ಕ ಅಂತ ಅಲ್ಲಿಂದ ಕೆಳಗಿಳಿಯಲು ಹೋಗಬೇಡಿ. ಕೈಗೆ ಸಿಕ್ಕಿರುವವನಿಂದ ಒಂದೊಂದೇ ತಲೆಮಾರು ಮೇಲಕ್ಕೆ ಹತ್ತಬೇಕು.

ನಮ್ಮ ಕೈಲಿರುವವನು ಸೇಂಟ್ ಜಾನ್ ಥ್ಯಾಕರೆ. ಅವನ ಅಪ್ಪ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಕಂಪನಿ ಕೆಲಸದಲ್ಲಿದ್ದು ಆನೆ ಹಿಡಿಸಿ ಮಾರಿ ದುಡ್ಡು ಮಾಡಿಕೊಂಡವನು. ಮಕ್ಕಳಲ್ಲಿ ಹಲವರು ಇಂಡಿಯಾಕ್ಕೇ ಬಂದರು. ವಿಲಿಯಂ ಎಂಬ ಮಗ ಬಳ್ಳಾರಿ, ಕಡಪ ಸೀಮೆಯಲ್ಲಿ ಥಾಮಸ್ ಮನ್ರೋ ಕೈಕೆಳಗೆ ದುಡಿದ. ರಿಚ್‌ಮಂಡ್ ಎಂಬ ಮಗ ಕಲ್ಕತ್ತದಲ್ಲಿದ್ದು 1815ರಲ್ಲಿ ತೀರಿಕೊಂಡ. 1811ರಲ್ಲಿ ಕಲ್ಕತ್ತದಲ್ಲೇ ಹುಟ್ಟಿದ ಈ ರಿಚ್‌ಮಂಡನ ಮಗನೇ, ಅಜ್ಜನ ಹೆಸರನ್ನೇ ಹೊತ್ತ ಹೆಸರಾಂತ ಕಾದಂಬರಿಕಾರ. ಅಂದರೆ ಕಿತ್ತೂರಿನಲ್ಲಿ ಸತ್ತವನು ಆ ಕಾದಂಬರಿಕಾರನಿಗೆ ಚಿಕ್ಕಪ್ಪ. ಸೇಂಟ್ ಜಾನನ ಅಪ್ಪನಿಂದ ಇನ್ನೂ ಒಂದು ತಲೆ ಮೇಲಕ್ಕೆ ಹೋದರೆ ಥಾಮಸ್ ಥ್ಯಾಕರೆ ಸಿಗುತ್ತಾನೆ. 1693ರಲ್ಲಿ ಹುಟ್ಟಿದವನು, ಮುಂದೆ ಲಂಡನ್ ಬಳಿಯ ಹ್ಯಾರೋ ಶಾಲೆಯ ಹೆಡ್‌ಮಾಸ್ಟರ್ ಆದವನು. ಹುಟ್ಟೂರು ಯಾರ್ಕ್‌ಷೈರಿನ ಹ್ಯಾಂಪ್ಸ್‌ಥ್ವೇಟ್.

ಈಗ ನಮಗೊಂದು ಊರು ಸಿಕ್ಕಿತು. ಕಲ್ಕತ್ತ, ಸಿಲ್ಹೆಟ್, ಲಂಡನ್ ಎಲ್ಲ ದಾಟಿ ಬಂದು ಒಂದು ಸಣ್ಣ ಹಳ್ಳಿಗೆ ನಿಂತಿತು.

ಸಾಮಾನ್ಯ ಕುಟುಂಬದವರಿಗೆ ಹೀಗೆ ರೆಡಿಮೇಡ್ ವಂಶಾವಳಿ ಇರುವುದಿಲ್ಲ. ಅವರು ಹಿಡಿಯಬೇಕಾದ ಮೆಟ್ಟಿಲುಗಳು ಇವು.

1837ರ ಜುಲೈ 1ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹುಟ್ಟು, ಸಾವು, ಮದುವೆಗಳನ್ನು ಸರ್ಕಾರವೇ ನೋಂದಾಯಿಸುತ್ತಿದೆ. ಫ್ರೀಬಿಎಂಡಿ ಎಂಬ ತಾಣದಲ್ಲಿ ಇದರ ಸೂಚಿಯನ್ನು ಪುಕ್ಕಟೆ ನೋಡಬಹುದು. ಅಲ್ಲಿ ತಿಂಗಳ ಬದಲು ಮೂರು ತಿಂಗಳಿಗೊಂದರಂತೆ ಲೆಕ್ಕ ಇರುತ್ತದೆ. 'ಮಾರ್ಚ್' ಅಂತ ಇದ್ದರೆ ಜನವರಿಯಿಂದ ಮಾರ್ಚ್‌ವರೆಗೆ ಯಾವಾಗಲಾದರೂ ನೋಂದಣಿ ಆಗಿರಬಹುದು. ಈ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಸಿಗುವುದು 1911ರಿಂದ ಈಚೆಗೆ ಮಾತ್ರ. ಆದರೆ ಸರ್ಕಾರದ ನೋಂದಣಿ ಕಚೇರಿ ಆನ್‌ಲೈನಿನಲ್ಲಿ ಬೇರೆಯೇ ಒಂದು ಸೂಚಿ ಇಟ್ಟಿದೆ. ಅದರಲ್ಲಿ 1837ರಿಂದಲೇ ತಾಯಿಯ ತವರಿನ ಹೆಸರಿದೆ. ಒಂದೇ ಊರಿನಲ್ಲಿ ಮೂವರು ಜಾನ್‌ಗಳಿದ್ದಾಗ ಇವರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ.

ಜನಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಮನೆಮಂದಿಯ ಹೆಸರು ಸಿಗುವುದು 1841ರಿಂದ. ಆ ವರ್ಷದ ಹಾಳೆ ನೋಡುವಾಗ ಹುಷಾರು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಆಗ ಸೂಚನೆ ಇತ್ತು. 39 ವಯಸ್ಸಿನವನು ಹಾಳೆಯಲ್ಲಿ 35 ಆಗಿರುತ್ತಾನೆ. ಯಾವ ಊರಿನಲ್ಲಿ ಹುಟ್ಟಿದ ಅಂತಲೂ ಬರೆದಿಲ್ಲ, ಇದೇ ಕೌಂಟಿಯವನೋ (ನಮ್ಮ ಜಿಲ್ಲೆಯ ಹಾಗೆ) ಅಲ್ಲವೋ ಅಂತ ಅಷ್ಟೇ. 1851ರ ಹಾಳೆಗೆ ಬಂದರೆ ಚಿತ್ರವೇ ಬೇರೆ. ಮನೆಯ ಯಜಮಾನನಿಗೆ ಯಾರು ಏನಾಗಬೇಕು, ಎಷ್ಟು ವಯಸ್ಸು, ಯಾವ ಪ್ಯಾರಿಷಿನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆಯಲ್ಲಿ, ಹುಟ್ಟು, ಎಲ್ಲ ಇದೆ. ಆದ್ದರಿಂದ 1851ರಲ್ಲಿ ಬದುಕಿದ್ದ ಒಬ್ಬನನ್ನು ಹಿಡಿಯಿರಿ. ಸಾಕು, ಅವನೇ ನಿಮ್ಮನ್ನು ಹದಿನೆಂಟನೇ ಶತಮಾನದ ಊರಿಗೆ ಮುಟ್ಟಿಸುತ್ತಾನೆ.

ಈಚಿನ ಕಡೆ ಗಣತಿ ಹಾಳೆಗಳು ನೂರು ವರ್ಷ ಆದಮೇಲೆ ತೆರೆಯುತ್ತವೆ. 1921ರದ್ದು 2022ರಲ್ಲಿ ಬಂತು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧ, ಗಣತಿಯೇ ನಡೆಯಲಿಲ್ಲ. ಈ ಕಂದಕ ದಾಟಲು 1939ರಲ್ಲಿ ಯುದ್ಧಕ್ಕಾಗಿ ಮಾಡಿದ ಜನರ ಪಟ್ಟಿ ಇದೆ.

1837ಕ್ಕಿಂತ ಹಿಂದೆ ಇರುವುದು ಚರ್ಚ್ ಪುಸ್ತಕಗಳು. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷಿನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಲು ಆಜ್ಞೆ ಹೊರಡಿಸಿದ. ಎಲ್ಲ ಊರುಗಳ ಪುಸ್ತಕವೂ ಉಳಿದಿಲ್ಲ. ಉಳಿದವುಗಳಲ್ಲಿ 1754ರಿಂದೀಚಿನ ಮದುವೆ ಪುಸ್ತಕ ಬಂಗಾರ, ಯಾಕೆಂದರೆ ಅಲ್ಲಿಂದ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕಿತ್ತು. ಓದು ಬಾರದವರು ಒಂದು ಗುಣಾಕಾರ ಚಿಹ್ನೆ ಹಾಕಿರುತ್ತಾರೆ, ಪಕ್ಕದಲ್ಲಿ ಪಾದ್ರಿ ಹೆಸರು ಬರೆದಿರುತ್ತಾನೆ. ಓದು ಬಂದವನ ಸಹಿಯಲ್ಲಿ ಅವನು ತನ್ನ ಹೆಸರನ್ನು ತಾನೇ ಹೇಗೆ ಬರೆಯುತ್ತಿದ್ದ ಅಂತ ಕಾಣುತ್ತದೆ. ಎಷ್ಟೋ ಸಲ ಪಾದ್ರಿ ಬರೆದದ್ದು ಒಂದು, ಸಹಿ ಇನ್ನೊಂದು. ಆಗ ಎರಡನ್ನೂ ನಿಮ್ಮ ಹಾಳೆಗೆ ಸೇರಿಸಿ.

ತಾರೀಖಿನ ಒಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಡಿಸೆಂಬರ್ ಆದಮೇಲೆ ಬರುತ್ತಿದ್ದದ್ದು 1720ರದೇ ಜನವರಿ. ಇದು ಗೊತ್ತಿಲ್ಲದಿದ್ದರೆ ಮದುವೆಗೆ ಮೊದಲೇ ಮಗು ಹುಟ್ಟಿತು ಅಂತ ಸುಮ್ನೆ ಅಪವಾದ ಹೊರಿಸಿಬಿಡುತ್ತೀರಿ.

ಹಂತ 4: ನಕ್ಷೆಯ ಮೇಲೆ ಚೆಲ್ಲಿ ನೋಡಿ

ಒಂದು ಕುಟುಂಬದ ದಾರಿ ಸಿಕ್ಕಿತು. ಈಗ ಆ ಹೆಸರಿನ ಎಲ್ಲ ಜನ ಎಲ್ಲಿದ್ದರು ಅಂತ ನೋಡಬೇಕು. ಇದಕ್ಕೆ 1881ರ ಜನಗಣತಿಯೇ ಹೇಳಿ ಮಾಡಿಸಿದ್ದು. ಸ್ವಯಂಸೇವಕರು ಅದನ್ನು ಪೂರ್ತಿ ಕಂಪ್ಯೂಟರಿಗೆ ಹಾಕಿದ್ದಾರೆ, ಫ್ಯಾಮಿಲಿಸರ್ಚ್ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಇದರ ಮೇಲೆ ಅಡ್ಡಹೆಸರುಗಳ ಹರಡುವಿಕೆಯ ನಕ್ಷೆಗಳೂ ಬಂದಿವೆ.

ಅಷ್ಟೊತ್ತಿಗೆ ರೈಲು ಬಂದಿತ್ತು, ಗಿರಣಿ ಬಂದಿತ್ತು. ಆದರೂ ಎಷ್ಟೋ ಹೆಸರಿನ ಜನ ಆ ಹೆಸರು ಹುಟ್ಟಿದ ಜಾಗದ ಸುತ್ತಮುತ್ತಲೇ ಹೆಚ್ಚಾಗಿ ಇದ್ದರು. ಥ್ಯಾಕ್ರೇ ಕುಟುಂಬಗಳು ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್‌ನಲ್ಲಿ, ಅದರಲ್ಲೂ ಲೀಡ್ಸ್ ನಗರದ ಸುತ್ತಮುತ್ತ ಗುಂಪುಗೂಡಿವೆ. ಬೇರೆ ಕಡೆ ಅಲ್ಲೊಂದು ಇಲ್ಲೊಂದು. ಇದು ನಕ್ಷೆಯಲ್ಲಿ ಮಾತ್ರ ಅಲ್ಲ, ಲೀಡ್ಸಿನ ಇತಿಹಾಸದಲ್ಲೂ ಕಾಣುತ್ತದೆ. ಗಿರಣಿ ಕೆಲಸದಿಂದ ಕಾರ್ಮಿಕರ ಆರೋಗ್ಯ ಹೇಗೆ ಕೆಡುತ್ತದೆ ಅಂತ 1831ರಲ್ಲೇ ಪುಸ್ತಕ ಬರೆದ ಡಾಕ್ಟರ್ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಲೀಡ್ಸಿನವನು. ಅಲ್ಲಿನ ದೊಡ್ಡ ವೈದ್ಯಕೀಯ ಮ್ಯೂಸಿಯಮ್ಮಿನ ಹೆಸರು ಥ್ಯಾಕ್ರೇ ಮ್ಯೂಸಿಯಂ, 1902ರಲ್ಲಿ ಶುರುವಾದ ಒಂದು ವೈದ್ಯಕೀಯ ಉಪಕರಣ ಕಂಪನಿಯಿಂದ ಬಂದದ್ದು. ಹಾಡುಗಾರ ಜೇಕ್ ಥ್ಯಾಕ್ರೇ ಕೂಡ ಲೀಡ್ಸ್ ಹುಡುಗನೇ.

ನಕ್ಷೆ ಓದುವಾಗ ಬರೀ ತಲೆ ಎಣಿಸಬೇಡಿ. ಲಂಡನ್ನಿನಲ್ಲಿ ಎಲ್ಲ ಹೆಸರಿನವರೂ ಜಾಸ್ತಿಯೇ ಇರುತ್ತಾರೆ, ಬೆಂಗಳೂರಿನಲ್ಲಿ ಎಲ್ಲ ಊರಿನವರೂ ಇದ್ದಹಾಗೆ. ಹತ್ತು ಸಾವಿರ ಜನರಲ್ಲಿ ಎಷ್ಟು ಅಂತ ಲೆಕ್ಕ ಹಾಕಿದರೆ ಮಾತ್ರ ತವರು ಕಾಣುತ್ತದೆ.

ಹಂತ 5: ಜಾಗದ ಹೆಸರಿಗೆ ಬನ್ನಿ

ಲೀಡ್ಸಿನ ಉತ್ತರಕ್ಕೆ ವಾಶ್‌ಬರ್ನ್ ಎಂಬ ಸಣ್ಣ ಹೊಳೆಯ ಕಣಿವೆ ಇದೆ. ಅಲ್ಲಿ ಫ್ಯೂಸ್ಟನ್, ಟಿಂಬಲ್ ಎಂಬ ಹಳ್ಳಿಗಳು. ಟಿಂಬಲ್ ಪಕ್ಕದಲ್ಲಿ ಥ್ಯಾಕ್ರೇ ಎಂಬ ಜಾಗ ಇತ್ತು. ನಮ್ಮ ಥಾಮಸ್ ಹುಟ್ಟಿದ ಹ್ಯಾಂಪ್ಸ್‌ಥ್ವೇಟ್ ಅಲ್ಲಿಂದ ಕೆಲವೇ ಮೈಲಿ. ಹಂತ 3ರ ವಂಶದ ದಾರಿ, ಹಂತ 4ರ ನಕ್ಷೆ ಎರಡೂ ಒಂದೇ ಕಣಿವೆಯ ಕಡೆ ಕೈ ತೋರಿಸಿದರೆ ನಂಬಬಹುದು. ಒಂದು ಈ ಕಡೆ, ಇನ್ನೊಂದು ಆ ಕಡೆ ಎಳೆದರೆ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ.

ಈ ಜಾಗವನ್ನು ಈಗ ಹೋಗಿ ನೋಡಲು ಆಗುವುದಿಲ್ಲ. ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕಾಯಿತು. 1870ರ ದಶಕದಲ್ಲಿ ಈ ಕಣಿವೆಯಲ್ಲಿ ಜಲಾಶಯ ಕಟ್ಟಿದರು. ಥ್ಯಾಕ್ರೇ ಫ್ಯೂಸ್ಟನ್ ಜಲಾಶಯದ ನೀರಿನಡಿ ಹೋಯಿತು. ಇಂಥ ಕಳೆದುಹೋದ ಜಾಗಗಳು ಈಗಿನ ಗೂಗಲ್ ಮ್ಯಾಪಿನಲ್ಲಿ ಸಿಗದಿದ್ದರೆ ಆಶ್ಚರ್ಯ ಇಲ್ಲ. ಬ್ರಿಟನ್ನಿನ ಸರ್ಕಾರಿ ಸರ್ವೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಹತ್ತೊಂಬತ್ತನೇ ಶತಮಾನದ ನಕ್ಷೆಗಳನ್ನು ನೋಡಿ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಇಂಗ್ಲೆಂಡಿನವೂ ಇವೆ. ತೋಟದ ಮನೆ, ಒಂಟಿ ಬಾವಿ ಸಹಿತ ಹೆಸರು ಬರೆದಿರುತ್ತಾರೆ.

ಜಾಗ ಗಟ್ಟಿಯಾದಮೇಲೆ ಮಾತ್ರ ಅರ್ಥ. ಯಾರ್ಕ್‌ಷೈರಿಗೆ ಒಂಬತ್ತನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಬಂದು ನೆಲೆಸಿದರು. ಹೊಲ, ಹಳ್ಳ, ಮೂಲೆಗಳಿಗೆಲ್ಲ ತಮ್ಮ ಮಾತಿನ ಹೆಸರಿಟ್ಟರು. ಅವರ ಹಳೆ ನಾರ್ಸ್ ಭಾಷೆಯಲ್ಲಿ 'ಥಾಕ್' ಅಂದರೆ ಮನೆಗೆ ಹೊದಿಸುವ ಜೊಂಡು ಹುಲ್ಲು, 'ವ್ರಾ' ಅಂದರೆ ಮೂಲೆ. ಜೊಂಡು ಬೆಳೆಯುವ ಮೂಲೆ. ಥ್ಯಾಕ್ವ್ರೇ ರೂಪದಲ್ಲಿ ನಡುವೆ ಸಿಕ್ಕಿಕೊಂಡಿರುವ 'ವ' ಇದೆಯಲ್ಲ, ಅದು ಪಾದ್ರಿಯ ಕೈತಪ್ಪಲ್ಲ, ಸಾವಿರ ವರ್ಷದ ಹಳೆ ಗುರುತು. ಯಾರ್ಕ್‌ಷೈರಿನ ಹಳೆ ದಾಖಲೆಗಳಲ್ಲಿ ಇಂಥ ಹೆಸರು ಸಿಕ್ಕರೆ ಸ್ಪೆಲ್ಲಿಂಗ್ ತಪ್ಪೆಂದು ತಳ್ಳಿಹಾಕಬೇಡಿ.

ಇದಕ್ಕೆ ನಂಬಬಹುದಾದ ಆಕರ ಎರಡು. ಒಂದು 2016ರಲ್ಲಿ ಆಕ್ಸ್‌ಫರ್ಡ್ ತಂದ ಬ್ರಿಟನ್, ಐರ್ಲೆಂಡ್ ಅಡ್ಡಹೆಸರುಗಳ ನಿಘಂಟು. 45 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಹಳೆಯ ಉಲ್ಲೇಖಗಳನ್ನು ವರ್ಷದ ಸಮೇತ ಕೊಡುತ್ತದೆ. ಇನ್ನೊಂದು 1923ರಲ್ಲಿ ಶುರುವಾದ ಇಂಗ್ಲಿಷ್ ಸ್ಥಳನಾಮ ಸಂಘದ ಜಿಲ್ಲಾವಾರು ಸಂಪುಟಗಳು. ವೆಸ್ಟ್ ರೈಡಿಂಗ್ ಒಂದಕ್ಕೇ ಎಂಟು ಸಂಪುಟ! ನಮ್ಮ ಒಂದು ಜಿಲ್ಲೆಗೆ ಅಂಥದ್ದು ಬಂದಿದ್ದರೆ ಅನಿಸುತ್ತದೆ.

ಇದಕ್ಕೂ ಹಿಂದೆ ಹೋಗುವವರಿಗೆ 1379ರ ತಲೆಗಂದಾಯದ ಪಟ್ಟಿಗಳಿವೆ. ಸಾಮಾನ್ಯ ಗಂಡಹೆಂಡಿರಿಗೆ ನಾಲ್ಕು ಪೆನ್ನಿ ಕಂದಾಯ, ಹಳ್ಳಿವಾರು ಹೆಸರು. 'ಡಿ' ಅಂತ ಸೇರಿಸಿ ಊರಿನ ಹೆಸರು ಬರೆದಿರುವುದು ಬೇಕಾದಷ್ಟು ಸಿಗುತ್ತದೆ, ಆ ಊರಿನವನು ಅಂತ. ಉತ್ತರ ಇಂಗ್ಲೆಂಡಿನಲ್ಲಿ ಅಡ್ಡಹೆಸರು ಅಪ್ಪನಿಂದ ಮಗನಿಗೆ ಗಟ್ಟಿಯಾಗಿ ಇಳಿಯಲು ಶುರುವಾದದ್ದೇ ಆ ಕಾಲಕ್ಕೆ. ದಕ್ಷಿಣದಲ್ಲಿ ಸ್ವಲ್ಪ ಮುಂಚೆ.

ಹಂತ 6: ಈಗಿನ ಜನಸಂಖ್ಯೆ

ಇಲ್ಲಿ ಅಮೆರಿಕದ ಅಂಕಿಅಂಶ ಬಹಳ ಉಪಯೋಗ. ನೂರು ಅಥವಾ ಹೆಚ್ಚು ಜನರಿರುವ ಪ್ರತಿ ಅಡ್ಡಹೆಸರನ್ನೂ ಅಲ್ಲಿನ ಜನಗಣತಿ ಇಲಾಖೆ ಪ್ರಕಟಿಸುತ್ತದೆ. 2010ರ ಪಟ್ಟಿಯಲ್ಲಿ 1,62,253 ಹೆಸರುಗಳಿವೆ. ಮೊದಲ ಸ್ಥಾನ ಸ್ಮಿತ್, 24 ಲಕ್ಷಕ್ಕೂ ಹೆಚ್ಚು ಜನ. ಯಾವ ಹೆಸರಿನಲ್ಲಿ ಎಷ್ಟು ಪಾಲು ಬಿಳಿಯರು, ಎಷ್ಟು ಕಪ್ಪು ಜನ ಅಂತಲೂ ಇದೆ. ಸ್ಮಿತ್‌ಗಳಲ್ಲಿ ಸುಮಾರು ಶೇ. 23 ಕಪ್ಪು ಜನ. ವಾಷಿಂಗ್ಟನ್ ಎಂಬ ಹೆಸರಿನವರಲ್ಲಿ ಅದು ಶೇ. 87 ದಾಟುತ್ತದೆ. ಆ ಹೆಸರು ಇಂಗ್ಲೆಂಡಿನ ಒಂದು ಊರಿನದು. ಈಗ ಅದನ್ನು ಹೊತ್ತವರಲ್ಲಿ ಹೆಚ್ಚಿನವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಹೆಸರಿನ ಊರು ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಹೊತ್ತ ಎಲ್ಲರ ಊರೂ ಸಿಕ್ಕಂತಲ್ಲ.

ನಮ್ಮಲ್ಲೇ ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಇದೆ. ಮುಂಬೈಯ ಠಾಕ್ರೆ ಮನೆತನ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯುವುದು ಕಾದಂಬರಿಕಾರ ಥ್ಯಾಕರೆಯ ಸ್ಪೆಲ್ಲಿಂಗಿನಲ್ಲೇ. ಬಾಳಾಸಾಹೇಬರ ತಂದೆ ಪ್ರಬೋಧನಕಾರ ಕೇಶವ ಸೀತಾರಾಮ ಠಾಕ್ರೆ ಆ ಲೇಖಕನ ಮೇಲಿನ ಅಭಿಮಾನಕ್ಕೆ ಹಾಗೆ ಬರೆದುಕೊಂಡರು ಎಂದು ಹೇಳುತ್ತಾರೆ. ಅಪ್ಪಟ ಮರಾಠಿ ಹೆಸರು, ಯಾರ್ಕ್‌ಷೈರಿನ ಅಂಗಿ. ಇಂಟರ್‌ನೆಟ್ಟಿನಲ್ಲಿ ಥ್ಯಾಕರೆ ಹೆಸರಿನವರು ಜಗತ್ತಿನಲ್ಲಿ ಎಷ್ಟಿದ್ದಾರೆ ಅಂತ ತೋರಿಸುವ ತಾಣಗಳಲ್ಲಿ ಭಾರತದ ಲೆಕ್ಕ ಕಂಡರೆ ಇದು ನೆನಪಿರಲಿ.

ಹಂತ 7: ಅಂಗಡಿ ಸರಕಿಗೆ ದುಡ್ಡು ಸುರಿಯಬೇಡಿ

ನಿಮ್ಮ ಮನೆತನದ ಲಾಂಛನ ಅಂತ ಕಪ್, ಚೌಕಟ್ಟು, ಉಂಗುರ ಮಾರುವವರಿದ್ದಾರೆ. ಇಂಗ್ಲೆಂಡಿನಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ. ಅದು ಒಬ್ಬ ವ್ಯಕ್ತಿಗೆ, ಅವನ ನೇರ ವಂಶದವರಿಗೆ ಮಾತ್ರ. ಕೊಡುವುದೂ 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್. ಹೆಸರಿನವರೆಲ್ಲ ವೀರಯೋಧರ ವಂಶ ಅಂತ ಕಥೆ ಹೇಳುವ ತಾಣಗಳನ್ನೂ ಇದೇ ಬುಟ್ಟಿಗೆ ಹಾಕಿ. ವರ್ಷ, ಊರು, ದಾಖಲೆಯ ಹೆಸರು ಮೂರೂ ಇಲ್ಲದ ಯಾವ ಕಥೆಯನ್ನೂ ನಾನಂತೂ ಬರೆದಿಟ್ಟುಕೊಳ್ಳುವುದಿಲ್ಲ. ಅದರ ಬದಲು 1979ರಿಂದ ಇರುವ ಗಿಲ್ಡ್ ಆಫ್ ಒನ್ ನೇಮ್ ಸ್ಟಡೀಸ್ ತಾಣದಲ್ಲಿ ನಿಮ್ಮ ಹೆಸರನ್ನು ಹಾಕಿ ನೋಡಿ. ಒಂದೇ ಹೆಸರಿನ ಬೆನ್ನು ಹತ್ತಿ ವರ್ಷಗಟ್ಟಲೆ ಕೂತ ಹವ್ಯಾಸಿಗಳು ಅಲ್ಲಿದ್ದಾರೆ. ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಹಂತ 8: ಇಂಡಿಯಾ ಕಡೆಯ ಕಡತ

ನಿಮ್ಮ ಹುಡುಕಾಟ ಕರ್ನಾಟಕದ ಯಾವುದೋ ಸಮಾಧಿ ಕಲ್ಲಿನಿಂದ ಶುರುವಾಗಿದ್ದರೆ ಇದೇ ನಿಮಗೆ ಮೊದಲ ಹಂತ. ಕಂಪನಿ ಕಾಲದ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳ ಭಾಗದಲ್ಲಿವೆ. ಕಂಪನಿ ಆಡಳಿತದ ಮೂರು ಪ್ರಾಂತ್ಯಗಳಿಗೆ, ಅಂದರೆ ಪ್ರೆಸಿಡೆನ್ಸಿಗಳಿಗೆ, ಅಲ್ಲಿ ಒಂದೊಂದು ಕಡತ ಸಂಕೇತ: ಎನ್1 ಬಂಗಾಳ, ಎನ್2 ಮದ್ರಾಸ್, ಎನ್3 ಬಾಂಬೆ. ಮೈಸೂರು, ಬೆಂಗಳೂರು, ಬಳ್ಳಾರಿ, ಮಂಗಳೂರು ಕಡೆಯವರನ್ನು ಮೊದಲು ಮದ್ರಾಸಿನಲ್ಲಿ ನೋಡಿ. ಧಾರವಾಡ, ಬೆಳಗಾವಿ ಬಾಂಬೆಯಲ್ಲಿ. ಆದರೆ ಅಧಿಕಾರಿ ಯಾವ ಪ್ರೆಸಿಡೆನ್ಸಿಯ ನೌಕರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸೇಂಟ್ ಜಾನ್ ಥ್ಯಾಕರೆ ಸತ್ತದ್ದು ಕಿತ್ತೂರಿನಲ್ಲಿ, ನೌಕರಿ ಮದ್ರಾಸ್ ಸಿವಿಲ್ ಸರ್ವೀಸಿನದು. ಎರಡೂ ಕಡೆ ಹುಡುಕದೆ ವಿಧಿಯಿಲ್ಲ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘ, ಅಂದರೆ ಫಿಬಿಸ್, ತನ್ನ ತಾಣದಲ್ಲಿ ಇವುಗಳ ಹುಡುಕು ಪಟ್ಟಿಯನ್ನು ಪುಕ್ಕಟೆ ಕೊಡುತ್ತದೆ.

ಅಲ್ಲಿ ಹುಡುಕುವಾಗ ಮೊದಲ ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಸೇಂಟ್ ಜಾನ್ ಅನ್ನುವುದು ಅವನಿಗೆ ಇಟ್ಟ ಹೆಸರು. ಇಂಗ್ಲಿಷರು ಅದನ್ನು ಹೆಸರಾಗಿ ಕರೆಯುವಾಗ ಸಾಮಾನ್ಯವಾಗಿ 'ಸಿಂಜನ್' ಅನ್ನುತ್ತಾರೆ. ಪಟ್ಟಿಯಲ್ಲಿ 'ಸೇಂಟ್' ಪೂರ್ತಿ ಬರೆದಿರಬಹುದು, ಎರಡೇ ಅಕ್ಷರಕ್ಕೆ ಮೊಟಕು ಮಾಡಿರಬಹುದು, ಚುಕ್ಕೆ ಇಟ್ಟಿರಬಹುದು, ಬಿಟ್ಟಿರಬಹುದು, ಬರೀ ಜಾನ್ ಅಂತಲೂ ಇರಬಹುದು. ಹಾಗಾಗಿ ಮೊದಲ ಹೆಸರಿನ ಜಾಗ ಖಾಲಿ ಬಿಡಿ. ಅಡ್ಡಹೆಸರು, 1824 ಅನ್ನುವ ವರ್ಷ, ಅದರ ಹಿಂದೆ ಮುಂದೆ ಒಂದೊಂದು ವರ್ಷ, ಇಷ್ಟೇ ಕೊಟ್ಟು ಹುಡುಕಿ. ಬಂದ ಪಟ್ಟಿಯನ್ನು ಕಣ್ಣಾರೆ ಓದಿಕೊಂಡು ಹೋಗಿ.